ಉದ್ದವನ್ನು ಅಳೆಯುತ್ತಲೇ ಸವೆದ ಬಾಳು: ವಿಲಿಯಂ ಲ್ಯಾಂಬ್ಟನ್



ಹಡಪಸರದ ನಮ್ಮ ಮನೆಗಳಲ್ಲಿ ಆರನೆಯ ತರಗತಿಯ ಮಕ್ಕಳು ವಿಜ್ಞಾನದ ಪುಸ್ತಕ ತೆರೆದರೆ ಉದ್ದದ ಅಳತೆ, ಚಲನೆ, ನಿಶ್ಚಲತೆಗಳ ಪಾಠ ಎದುರಾಗುತ್ತದೆ. ಒಬ್ಬರ ಗೇಣು ಮತ್ತೊಬ್ಬರ ಗೇಣಿಗೆ ಸಮನಲ್ಲ. ಆದುದರಿಂದ ಎಲ್ಲರೂ ಒಪ್ಪುವ ಅಳತೆಗೋಲು ಬೇಕು. ಇಷ್ಟೇ ಪಾಠ. ಅದನ್ನು ಬಾಳಿನುದ್ದಕ್ಕೂ ಆಚರಿಸಿ ತೋರಿಸಿದವರು ವಿಲಿಯಂ ಲ್ಯಾಂಬ್ಟನ್. ಅವರ ಅಳತೆ ಆರಂಭವಾದದ್ದು ಬೆಂಗಳೂರಿನಲ್ಲಿ. ಬಾಳು ಮುಗಿದದ್ದು ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿ.

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಜನಿಸಿದ ಲ್ಯಾಂಬ್ಟನ್ ಸೈನ್ಯ ಸೇರಿ, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದರು. ಟಿಪ್ಪು ಸುಲ್ತಾನರ ಪತನದ ಬಳಿಕ ಗೆದ್ದ ಸೀಮೆಯ ನಕ್ಷೆ ಕಂಪನಿ ಸರಕಾರಕ್ಕೆ ಬೇಕಾಗಿತ್ತು. ಲ್ಯಾಂಬ್ಟನ್ನರ ಹಂಬಲ ಅದಕ್ಕಿಂತ ಹಿರಿದು. ನಮಗೆ ನಿಶ್ಚಲವೆಂದು ತೋರುವ ಭೂಮಿ ತನ್ನ ಸುತ್ತ ತಿರುಗುತ್ತಿದೆ. ಆ ತಿರುಗುವಿಕೆಯಿಂದಲೇ ಸಮಭಾಜಕದ ಬಳಿ ಕೊಂಚ ಉಬ್ಬಿದೆ. ಎಷ್ಟು ಉಬ್ಬಿದೆ ಎಂಬುದನ್ನು ನೆಲದ ಮೇಲಿನ ಉದ್ದವನ್ನಳೆದೇ ತಿಳಿಯಬೇಕೆಂಬುದು ಅವರ ಸಂಕಲ್ಪ.

1800ರಲ್ಲಿ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಳಿಯಿಂದ ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು ಅಳೆದರು. 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ಮತ್ತೊಂದು ರೇಖೆಯ ಅಳತೆ ಆರಂಭವಾಯಿತು. ಸರಪಳಿ ಜೋತುಬೀಳದಂತೆ, ಅಲುಗದಂತೆ ಮರದ ದೋಣಿಗಳಲ್ಲಿ ಮಲಗಿಸಿ, ಪಕ್ಕದಲ್ಲೇ ಉಷ್ಣಮಾಪಕವನ್ನಿಡುತ್ತಿದ್ದರು. ಬಿಸಿಲಿಗೆ ಉಕ್ಕು ಹಿಗ್ಗಿದಷ್ಟನ್ನೂ ಲೆಕ್ಕದಲ್ಲಿ ಸರಿಪಡಿಸಬೇಕಿತ್ತು. ಸುಮಾರು ನಾನೂರು ಸರಪಳಿಗಳ ಆ ದೂರಕ್ಕೆ 57 ದಿನಗಳು ಹಿಡಿದವು. ಮುಂದಿನ ಸಾವಿರಾರು ಚದರ ಮೈಲಿಗಳ ತ್ರಿಕೋನಗಳೆಲ್ಲ ಇಂತಹ ರೇಖೆಗಳ ಮೇಲೆಯೇ ನಿಲ್ಲಬೇಕಿತ್ತು. ಮೊದಲ ಪುಟದ ತಪ್ಪು ಲೆಕ್ಕದ ಕೊನೆಯ ಪುಟದವರೆಗೂ ನಡೆದುಬರುವುದನ್ನು ಬ್ಯಾಂಕಿನ ಮೇಜಿನಲ್ಲಿ ಕಂಡಿರುವ ನನಗೆ ಆ ಎಚ್ಚರಿಕೆಯ ಬೆಲೆ ಅರ್ಥವಾಗುತ್ತದೆ.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ, ಅರ್ಧ ಟನ್ ತೂಕದ ಥಿಯೋಡೊಲೈಟ್ ಗೋಡೆಗೆ ಬಡಿದು ಜಖಂಗೊಂಡಿತು. ಕೋನಗಳನ್ನಳೆಯಲು ಅದೇ ಮುಖ್ಯ ಉಪಕರಣ. ಲ್ಯಾಂಬ್ಟನ್ ಡೇರೆಯೊಳಗೆ ಕುಳಿತು, ಸೊಟ್ಟಗಾದ ಚಕ್ರವನ್ನು ಆರು ವಾರಗಳ ಕಾಲ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಸರಿಪಡಿಸಿ, ಮತ್ತೆ ಕೆಲಸಕ್ಕಿಳಿದರು.

ಕಾಡು, ಜ್ವರ, ಮಳೆಗಳ ನಡುವೆ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಸಾಗಿದ ಆ ಪಯಣ 1823ರ ಜನವರಿಯಲ್ಲಿ ವಾರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ ನಿಂತಿತು. ಆಗ ಅವರಿಗೆ ಸುಮಾರು ಎಪ್ಪತ್ತು ವರ್ಷ. ಸಮಾಧಿಯೂ ಅಲ್ಲಿಯೇ ಇದೆ. ಕಾರ್ಯವನ್ನು ಹಿಮಾಲಯದ ತಪ್ಪಲಿಗೆ ಮುಟ್ಟಿಸಿದ ಜಾರ್ಜ್ ಎವರೆಸ್ಟರ ಹೆಸರು ಶಿಖರವೇರಿತು. ಅಡಿಪಾಯ ಹಾಕಿದವರ ಹೆಸರನ್ನು ಬಲ್ಲವರು ವಿರಳ.

ಮಕ್ಕಳು ಅಳತೆಪಟ್ಟಿ ಹಿಡಿದು ಕುಳಿತಾಗ ಈ ಕಥೆಯನ್ನೂ ಹೇಳೋಣ. ಎಲ್ಲಿಂದ ಅಳೆಯಲು ತೊಡಗಿದೆವು ಎಂಬುದು ಸರಿಯಾಗಿದ್ದರೆ ಮಾತ್ರ ಎಷ್ಟು ದೂರ ಬಂದೆವು ಎಂಬುದು ಸತ್ಯವಾಗುತ್ತದೆ.