ದೇವಾಲಯವಿಲ್ಲದ ನಾಡಿಗೆ ಬಲಿಪೀಠ ಹೊತ್ತವರು: ಸಂತ ಜೋಸೆಫ್ ವಾಜ್

ಪ್ರತಿವರ್ಷ ಜನವರಿ 16ರಂದು ಧರ್ಮಸಭೆಯು ಸಂತ ಜೋಸೆಫ್ ವಾಜರನ್ನು ಸ್ಮರಿಸುತ್ತದೆ. ಶ್ರೀಲಂಕೆಯ ಪ್ರೇಷಿತರೆಂದು ಜಗತ್ತು ಕೊಂಡಾಡುವ ಈ ಪುಣ್ಯಪುರುಷರು ಅದಕ್ಕೂ ಮೊದಲು ನಮ್ಮ ಕರಾವಳಿಯ ಗುರುಗಳಾಗಿದ್ದರೆಂಬುದನ್ನು ನಾವು ಆಗಾಗ್ಗೆ ಮರೆಯುತ್ತೇವೆ.

ಅವರು ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಳಿಯಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಾವು ಮಾತೆ ಮರಿಯಮ್ಮನವರ ದಾಸರೆಂದು ದಾಸ್ಯಪತ್ರವೊಂದನ್ನು ಬರೆದು ಅರ್ಪಿಸಿಕೊಂಡರು.

1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲವದು. ಇಲ್ಲಿನ ಕ್ರೈಸ್ತರಿಗೆ ಅರಸೊತ್ತಿಗೆಗಿಂತ ಮಿಗಿಲಾದ ಸಂಕಟ ಒಳಗಿನಿಂದಲೇ ಬಂದಿತ್ತು. ಪೋರ್ಚುಗೀಸ್ ಅರಸರ ಪದ್ರುವಾದೊ ಹಕ್ಕಿನಂತೆ ಗೋವೆಯ ಪೀಠ ಒಂದೆಡೆ, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಇನ್ನೊಂದೆಡೆ. ಯಾರ ಮಾತು ಕೇಳಬೇಕು, ಯಾರು ನೀಡಿದ ಸಂಸ್ಕಾರ ಸಿಂಧು ಎಂದು ಜನರು ತಳಮಳಿಸುತ್ತಿದ್ದರು. ಬಲಿಪೀಠದೆದುರು ಬಲಿಪೀಠ ನಿಂತರೆ ಆರಾಧನೆಗೆ ಗೌರವವೆಲ್ಲಿ? ವಾಜರು ಬಂದದ್ದು ಗೋವೆಯ ಪ್ರತಿನಿಧಿಯಾಗಿ. ಆದರೂ ಧರ್ಮಾಧ್ಯಕ್ಷರನ್ನು ಅವಮಾನಿಸದೆ, ತಮ್ಮ ಮೇಲಧಿಕಾರಿಗಳಿಗೆ ವಿಧೇಯತೆ ತಪ್ಪದೆ, ಜನರು ಸಂಸ್ಕಾರಗಳಿಂದ ವಂಚಿತರಾಗದಂತೆ ನೋಡಿಕೊಳ್ಳಲು ಹೆಣಗಿದರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿಗಳ ನಡುವೆ ಬರಿಗಾಲಿನಲ್ಲಿ ನಡೆದರು, ಶಾಲೆಗಳನ್ನು ತೆರೆದರು. ಮಂಗಳೂರಿನ ಸಮೀಪದ ಮುಡಿಪುವಿನ ಐತಿಹ್ಯವೂ ಈ ದಿನಗಳದ್ದೇ. ರೋಗಿಯೊಬ್ಬನಿಗೆ ಸಂಸ್ಕಾರ ನೀಡಬೇಕೆಂಬ ಸುಳ್ಳು ಕರೆಯಿಂದ ವೈರಿಗಳು ಅವರನ್ನು ಕೊಲ್ಲಲು ಗುಡ್ಡಕ್ಕೆ ಕರೆದೊಯ್ದರಂತೆ. ಅವರು ಪ್ರಭುವನ್ನು ನಂಬಿ ಮಂಡಿಯೂರಿದಲ್ಲಿ ಬಂಡೆಯಿಂದ ನೀರು ಚಿಮ್ಮಿತಂತೆ.

1684ರಲ್ಲಿ ಗೋವೆಗೆ ಮರಳಿದ ಅವರು ಅಲ್ಲಿನ ಗುರುಗಳ ಒಂದು ಕೂಟವನ್ನು ಸೇರಿ ಅದನ್ನು ಒರೆಟರಿ ಸಭೆಯಾಗಿ ರೂಪಿಸಿದರು. ಮನಸ್ಸು ಮಾತ್ರ ಸಿಂಹಳ ದ್ವೀಪದತ್ತ ನೆಟ್ಟಿತ್ತು. 1658ರಲ್ಲಿ ಜಾಫ್ನಾವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರದಬ್ಬಿ, ಅವರಿಗೆ ಆಶ್ರಯ ನೀಡುವವರಿಗೆ ಮರಣದಂಡನೆಯೆಂದು ಸಾರಿದ್ದರು. ಅಂದು ಹುಟ್ಟಿದ ಮಗು ಮೂವತ್ತರ ಹೊಸ್ತಿಲಿಗೆ ಬಂದರೂ ಪವಿತ್ರ ಬಲಿಪೂಜೆಯನ್ನು ಕಂಡಿರಲಾರದು! ಈ ಒಂದು ಸಂಗತಿಯನ್ನು ನಾವು ಕೊಂಚ ನಿಂತು ಯೋಚಿಸಬೇಕು.

ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ಸೇವಕನೊಬ್ಬನೊಡನೆ ವಾಜರು 1687ರಲ್ಲಿ ಜಾಫ್ನಾ ತಲುಪಿದರು. ಅವರನ್ನು ಎದುರುಗೊಂಡದ್ದು ಭಕ್ತರಲ್ಲ, ಅತಿಸಾರ. ಚೇತರಿಸಿಕೊಂಡ ಮೇಲೆ ಒಂದು ಉಪಾಯ ಹೂಡಿದರು. ಕೊರಳಿಗೆ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೊರಟರು. ಆ ಮಾಲೆಯನ್ನು ಕಂಡು ಯಾರ ಕಣ್ಣು ಅರಳುವುದೋ ಅವರೇ ತಮ್ಮವರು. ಹೀಗೆ ಗುರುತಾದವರ ಮನೆಗಳಲ್ಲಿ ಇರುಳಿನಲ್ಲಿ ಪಾಪನಿವೇದನೆ, ಬಲಿಪೂಜೆ, ಪರಮಪ್ರಸಾದ. ಸುಳಿವು ಸಿಗುವ ಮೊದಲೇ ಬೇರೆ ಊರು. ಗೋಪುರವಿಲ್ಲ, ಗಂಟೆಯಿಲ್ಲ, ಗಾಯನಕ್ಕೆ ದನಿಯೆತ್ತುವಂತಿಲ್ಲ. ಸಿಕ್ಕಿಬಿದ್ದರೆ ಆಪತ್ತು ಗುರುವಿಗೊಬ್ಬರಿಗೇ ಅಲ್ಲ, ಬಾಗಿಲು ತೆರೆದ ಗೃಹಸ್ಥನ ಇಡೀ ಕುಟುಂಬಕ್ಕೆ. ಹಾಗಿದ್ದೂ ಜನರು ಬಾಗಿಲು ತೆರೆದರು. ವಾಜರ ಪುಣ್ಯಕಥೆಯಲ್ಲಿ ಹೆಸರಿಲ್ಲದ ಈ ಗೃಹಸ್ಥರಿಗೂ ಸಮಪಾಲಿದೆಯೆಂದು ನಾವು ಎಣಿಸುತ್ತೇವೆ.

ಡಚ್ಚರ ಬೇಟೆ ಬಿಗಿಯಾದಾಗ ಪುತ್ತಲಂ ಮಾರ್ಗವಾಗಿ ಕ್ಯಾಂಡಿ ರಾಜ್ಯದತ್ತ ನಡೆದರು. ಪೋರ್ಚುಗೀಸರ ಗೂಢಚಾರನೆಂಬ ದೂರಿನ ಮೇಲೆ ಅರಸ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿರಿಸಿದನು. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು; ಕಾವಲು ಸಡಿಲಿದಾಗ ಅದೇ ಆವರಣದಲ್ಲಿ ಗುಡಿಸಲೊಂದನ್ನು ಕಟ್ಟಿ ಅದನ್ನೇ ದೇವಾಲಯವಾಗಿಸಿದರು. ಮುಂದೆ ಬರಗಾಲ ಬಂದಾಗ ಅವರು ಬಯಲಿನಲ್ಲಿ ಬಲಿಪೀಠವನ್ನಿರಿಸಿ ಪ್ರಾರ್ಥಿಸಿದೊಡನೆ ಮಳೆ ಸುರಿಯಿತೆಂದೂ, ಬೌದ್ಧನಾದ ಅರಸನು ಅವರಿಗೆ ಸಂಚಾರ ಸ್ವಾತಂತ್ರ್ಯವಿತ್ತನೆಂದೂ ಚರಿತ್ರಕಾರರು ಹೇಳುತ್ತಾರೆ.

ಮಳೆಯ ಪವಾಡವನ್ನು ಹೇಳುವವರು ಬಹಳ ಮಂದಿ. ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕುವುದು 1697ರ ಸಿಡುಬು. ಕ್ಯಾಂಡಿಯಲ್ಲಿ ಮನೆಯವರೇ ತಮ್ಮ ರೋಗಿಗಳನ್ನು ತೊರೆದು ಓಡುತ್ತಿದ್ದಾಗ ವಾಜರು ಸೋದರಳಿಯ ಗುರು ಜೋಸೆಫ್ ಕರ್ವಾಲೊ ಅವರೊಡನೆ ಉಳಿದರು. ಹುಣ್ಣು ತೊಳೆದರು, ಗಂಜಿ ಉಣಿಸಿದರು, ಅನಾಥ ಶವಗಳನ್ನು ಮಣ್ಣು ಮಾಡಿದರು. ಬಲಿಪೀಠದ ಮೇಲೆ ಪ್ರಭುವಿನ ಶರೀರವನ್ನು ಎತ್ತಿ ಹಿಡಿಯುತ್ತಿದ್ದ ಆ ಕೈಗಳಿಗೆ ರೋಗಿಯ ಶರೀರ ಮೈಲಿಗೆಯಾಗಲಿಲ್ಲ. ಕ್ರೈಸ್ತರು, ಬೌದ್ಧರು ಎಂಬ ಭೇದವನ್ನೂ ಅವರು ಎಣಿಸಲಿಲ್ಲ.

ಗೋವೆಯಿಂದ ಜೊತೆಗಾರ ಗುರುಗಳು ಒಬ್ಬೊಬ್ಬರಾಗಿ ಬಂದು ಸೇರಿದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನೇ ರಚಿಸಿದರು. ವಾಜರ ದೇಹ ಅಷ್ಟರಲ್ಲಿ ಸವೆದಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು. ದ್ವೀಪಕ್ಕೆ ಕಾಲಿಟ್ಟಂದಿನಿಂದ ಒಮ್ಮೆಯೂ ತಾಯ್ನಾಡಿಗೆ ಮರಳಿರಲಿಲ್ಲ.

ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1995ರ ಜನವರಿ 21ರಂದು ವಾಜರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊ ನಗರದಲ್ಲಿಯೇ ಘೋಷಿಸಿದರು. ಕ್ಯಾಂಡಿಯಲ್ಲಿ ಅವರ ಸಮಾಧಿಯ ಸ್ಥಳ ಕಾಲಾಂತರದಲ್ಲಿ ಅಳಿಸಿಹೋಗಿದೆ. ಆದುದರಿಂದ ಹೂವಿಟ್ಟು ಮಂಡಿಯೂರಬೇಕೆಂಬ ನಮ್ಮ ಕರಾವಳಿಯ ಭಕ್ತರು ಮುಡಿಪುವಿನ ಗುಡ್ಡವನ್ನು ಹತ್ತುತ್ತಾರೆ.