ಮಾರಿಕುಪ್ಪಂನ ಐದನೆಯ ಶೀಲ

ಅಯೋತಿದಾಸ ಪಂಡಿತರು 1845ರಲ್ಲಿ ಜನಿಸಿದರು, ವೃತ್ತಿಯಿಂದ ಸಿದ್ಧವೈದ್ಯರು. 1898ರಲ್ಲಿ ಸಿಂಹಳಕ್ಕೆ ತೆರಳಿ ಬೌದ್ಧದೀಕ್ಷೆಯನ್ನು ಕೈಕೊಂಡು, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಅಸ್ಪೃಶ್ಯರೆನಿಸಿಕೊಂಡವರು ಮೂಲತಃ ಬೌದ್ಧರೇ ಎಂಬುದು ಅವರ ದೃಢವಾದ ನಿಲುವು. ಅದನ್ನು ಸಾರಲು 1907ರಲ್ಲಿ ತಮಿಳು ವಾರಪತ್ರಿಕೆಯೊಂದನ್ನು ಹೊರಡಿಸಿದರು.

ಕೋಲಾರದ ಚಿನ್ನದ ಗಣಿಗಳ ಮಾರಿಕುಪ್ಪಂನಲ್ಲಿ ಆ ಸಂಘದ ಶಾಖೆ ಬೇರೂರಿತು. ನೆಲದಾಳದಲ್ಲಿ ಬೆವರು ಸುರಿಸಿ ಮೇಲೇರಿದ ಕೂಲಿಕಾರನಿಗೆ ಹೆಂಡವೇ ದಣಿವಿನ ಮದ್ದೆಂದು ತೋರುವುದು ಸಹಜ. ಆದರೆ ಪಂಚಶೀಲದ ಐದನೆಯದು ಮದ್ಯವರ್ಜನ. ಅದನ್ನು ಸಂಗಡಿಗರ, ಮನೆಮಂದಿಯ ನಡುವೆ ನಿಂತು ನುಡಿಯಬೇಕು. ಸಭೆ ಸೇರಿದಾಗಲೆಲ್ಲ ಮತ್ತೆ ನುಡಿಯಬೇಕು. ಆದುದರಿಂದ ಎಡವಿದವನಿಗೂ ಮರಳಿ ಏಳಲು ಅಲ್ಲಿ ಎಡೆಯುಂಟು.

1914ರಲ್ಲಿ ಪಂಡಿತರು ಕಾಲವಾದರು. ಒಬ್ಬನೇ ಬಿಡಲಾರದುದನ್ನು ಹಲವರು ಕೂಡಿ ಬಿಡಬಹುದೆಂಬುದು ಈ ವೈದ್ಯರು ಗಣಿಯ ಜನಕ್ಕೆ ಉಳಿಸಿಹೋದ ಮದ್ದು.