ಮೈಸೂರಲ್ಲಿ ಕಲಿತು ಪುಟ್ಟಪರ್ತಿಗೆ ಬಂದ ಯೋಗದಜ್ಜಿ

ರಾಯದುರ್ಗ: ಜೂನ್ 21 ಬಂತೆಂದರೆ ರಾಯದುರ್ಗ, ಮಡಕಶಿರಾದ ಶಾಲೆ ಮೈದಾನಗಳಲ್ಲೂ ಚಾಪೆ ಹಾಸುತ್ತಾರೆ. 2015ರಿಂದ ನಡೆದು ಬಂದ ರೂಢಿ. ಮುಂದಿನ ಸಾಲಲ್ಲಿ ಅಧಿಕಾರಿಗಳು, ಹಿಂದೆ ಶಾಲೆ ಮಕ್ಕಳು. ಮನೆ ನೋಡಿಕೊಳ್ಳುವ ಹೆಂಗಸರು ಬರುವುದು ಕಡಿಮೆ. ಐವತ್ತು ದಾಟಿದವರಂತೂ ಈ ವಯಸ್ಸಲ್ಲಿ ನಮಗ್ಯಾಕಪ್ಪಾ ಇದೆಲ್ಲ ಎಂದು ಸುಮ್ಮನಾಗಿಬಿಡುತ್ತಾರೆ.

ಹಾಗೆನ್ನುವವರು ಕೇಳಲೇಬೇಕಾದ ಒಂದು ಜೀವನ ಕಥೆ ಇದೆ. ಆಕೆಯ ಹೆಸರು ಇಂದ್ರಾದೇವಿ. ಗುರುವಿನ ಬಳಿ ಯೋಗ ಕಲಿಯಲು ಹೋದಾಗ ವಯಸ್ಸು 38, ಜೊತೆಗೆ ಎದೆನೋವಿನ ಕಾಟ. ತೀರಿಕೊಂಡಾಗ 103 ತುಂಬಲು ಬರೀ 17 ದಿನ ಬಾಕಿ ಇತ್ತು. ಕಲಿತದ್ದು ಮೈಸೂರಲ್ಲಿ, ಇಳಿವಯಸ್ಸಲ್ಲಿ ಮತ್ತೆ ಮತ್ತೆ ಬಂದದ್ದು ಆಗ ಅನಂತಪುರ ಜಿಲ್ಲೆಯಲ್ಲೇ ಇದ್ದ ಪುಟ್ಟಪರ್ತಿಗೆ. ಆದರೂ ಈ ಭಾಗದಲ್ಲಿ ಆಕೆಯ ಹೆಸರು ಬಲ್ಲವರು ಎಷ್ಟು ಜನ ಇದ್ದಾರು?

ಹುಟ್ಟು ಹೆಸರು ಯೂಜೀನಿಯಾ ಪೀಟರ್ಸನ್. 1899ರ ಮೇ 12ರಂದು ಅಂದಿನ ರಷ್ಯಾ ಸಾಮ್ರಾಜ್ಯದ ರೀಗಾ ನಗರದಲ್ಲಿ ಜನನ. ಈಗ ಅದು ಲಾಟ್ವಿಯಾ ದೇಶದ ರಾಜಧಾನಿ. ತಂದೆ ಸ್ವೀಡನ್ ಮೂಲದ ಬ್ಯಾಂಕರ್, ತಾಯಿ ರಷ್ಯಾದ ಶ್ರೀಮಂತ ಮನೆತನದವರು, ನಾಟಕದ ನಟಿ. 1917ರ ಕ್ರಾಂತಿಯಲ್ಲಿ ಎಲ್ಲವೂ ಹೋಯಿತು. ತಾಯಿ ಮಗಳು ಊರೂರು ಅಲೆದು ಬರ್ಲಿನ್ ಸೇರಿದರು. ಮಗಳು ನಾಟಕ ಕಂಪನಿ ಸೇರಿ ಹೊಟ್ಟೆ ಹೊರೆದಳು.

ಭಾರತದ ಹುಚ್ಚು ಹಿಡಿದದ್ದು ಹದಿನೈದರ ವಯಸ್ಸಿನಲ್ಲಿ, ಟಾಗೋರರನ್ನು ಓದಿ. 1926ರಲ್ಲಿ ಹಾಲೆಂಡಿನ ಒಮ್ಮೆನ್‌ನಲ್ಲಿ ಜೆ. ಕೃಷ್ಣಮೂರ್ತಿ ಅವರ ಶಿಬಿರಕ್ಕೆ ಹೋದ ಮೇಲೆ ಆ ಹುಚ್ಚು ಗಟ್ಟಿಯಾಯಿತು. ಕೃಷ್ಣಮೂರ್ತಿ ಅವರು ನಮ್ಮ ಪಕ್ಕದ ಮದನಪಲ್ಲಿಯಲ್ಲಿ ಹುಟ್ಟಿದವರು. ಅಂದರೆ ರೀಗಾದ ಹುಡುಗಿಯನ್ನು ಈ ಕಡೆ ಎಳೆದವರು ನಮ್ಮ ಸೀಮೆಯವರೇ ಅನ್ನಬಹುದು.

1927ರಲ್ಲಿ ಹಡಗು ಹತ್ತಿ ಬಂದೇಬಿಟ್ಟರು. ಮುಂಬಯಿಯಲ್ಲಿ 1930ರಲ್ಲಿ ಶೇರ್-ಎ-ಅರಬ್ ಎಂಬ ಮೂಕಿ ಚಿತ್ರದಲ್ಲಿ ನಟನೆ. ಇಂದ್ರಾದೇವಿ ಎಂಬ ಹೆಸರು ಆ ಸಿನಿಮಾ ಕಾಲದ್ದೇ. ಅದೇ ವರ್ಷ ಮುಂಬಯಿಯ ಝೆಕೊಸ್ಲೊವಾಕಿಯಾ ಕಾನ್ಸುಲೇಟ್‌ನ ಅಧಿಕಾರಿ ಯಾನ್ ಸ್ಟ್ರಾಕಟಿ ಜೊತೆ ಮದುವೆ. ಪಾರ್ಟಿ, ರೇಸು, ರಾಜರ ಮನೆ ಔತಣ ಎಂದು ದಿನ ಕಳೆಯುತ್ತಿದ್ದಾಗಲೇ ಎದೆನೋವು ಶುರುವಾಯಿತು. ಡಾಕ್ಟರುಗಳ ಔಷಧಿ ನಾಟಲಿಲ್ಲ. ಆಗ ನೆನಪಾದದ್ದು ಮೈಸೂರು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದವರು ತಿರುಮಲೈ ಕೃಷ್ಣಮಾಚಾರ್ಯರು. ಇವರ ಹುಟ್ಟೂರು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರ. ರಾಯದುರ್ಗದವರಿಗೆ ಗಡಿ ದಾಟಿದರೆ ಸಿಗುವ ಜಿಲ್ಲೆ. ಮಹಾ ಶಿಸ್ತಿನ ಆಸಾಮಿ, ಕೋಪವೂ ಅಷ್ಟೇ. ಪಟ್ಟಾಭಿ ಜೋಯಿಸರು, ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಈ ಗರಡಿಯಲ್ಲೇ ಪಳಗಿದವರು. ಅಯ್ಯಂಗಾರರನ್ನು 1937ರಲ್ಲಿ ಪುಣೆಗೆ ಕಳಿಸಿದ್ದೂ ಇವರೇ. ಮರಾಠಿ ಒಂದಕ್ಷರ ಬಾರದ ಹುಡುಗ ಅಲ್ಲಿ ಹೇಗೆ ಏಗಿದನೋ ಅದು ಬೇರೆಯೇ ಕಥೆ.

ಇಂಥವರ ಮುಂದೆ ನಿಂತು ಕಲಿಸಿ ಎಂದರು ಇಂದ್ರಾದೇವಿ. ಆಚಾರ್ಯರು ಸುತರಾಂ ಒಪ್ಪಲಿಲ್ಲ. ಕಾರಣ ಎರಡು: ಈಕೆ ಹೆಂಗಸು, ಮೇಲಾಗಿ ಪರದೇಶದವಳು. ಕೊನೆಗೆ ಮಹಾರಾಜರೇ ಹೇಳಿದ ಮೇಲೆ ತೆಗೆದುಕೊಳ್ಳಬೇಕಾಯಿತು. ಮನಸ್ಸಿಲ್ಲದೆ ತೆಗೆದುಕೊಂಡವರು ಸುಲಭಕ್ಕೆ ಬಿಡುತ್ತಾರೆಯೇ? ಹಾಕಿದ ನಿಯಮಗಳು ಒಂದೆರಡಲ್ಲ. ನಸುಕಿಗೇ ಏಳಬೇಕು, ರಾತ್ರಿ ಬೇಗ ಮಲಗಬೇಕು. ಮಾಂಸ ಇಲ್ಲ, ಸಕ್ಕರೆ ಇಲ್ಲ, ಡಬ್ಬಿಯ ಆಹಾರ ಇಲ್ಲ. ನೆಲದೊಳಗೆ ಬೆಳೆಯುವ ತರಕಾರಿಯನ್ನೂ ಮುಟ್ಟುವ ಹಾಗಿಲ್ಲ, ಬಿಸಿಲು ಕಂಡದ್ದನ್ನೇ ತಿನ್ನಬೇಕು. (ಶೇಂಗಾ ನಂಬಿ ಬದುಕುವ ನಮ್ಮ ಜಿಲ್ಲೆಯವರಿಗೆ ಈ ನಿಯಮ ಸ್ವಲ್ಪ ಕಷ್ಟವೇ!)

ಬೇಸತ್ತು ಓಡಿಹೋಗುತ್ತಾಳೆ ಎಂದು ಗುರುಗಳ ಲೆಕ್ಕಾಚಾರ ಇದ್ದಿರಬಹುದು. ಆಕೆ ಓಡಲಿಲ್ಲ. ಬಂಗಲೆಯಲ್ಲಿ ಆಳುಕಾಳಿನ ನಡುವೆ ಇದ್ದ ಹೆಂಗಸು, ಹುಡುಗರ ಜೊತೆ ನಿಂತು ಹೇಳಿದ್ದನ್ನೆಲ್ಲ ಮಾಡಿದಳು. ಎದೆನೋವು ಹೋಯಿತು ಎಂದು ತಾವೇ ಮುಂದೆ ಬರೆದುಕೊಂಡಿದ್ದಾರೆ. ಗುರುಗಳೂ ಬದಲಾದರು. ಗಂಡನಿಗೆ ಚೀನಾದ ಶಾಂಘೈಗೆ ವರ್ಗ ಆದಾಗ, ಹೋದ ಕಡೆ ನೀನೇ ಕಲಿಸಬೇಕು ಎಂದು ಅಪ್ಪಣೆ ಮಾಡಿ, ಪ್ರಾಣಾಯಾಮದಿಂದ ಹಿಡಿದು ಕಲಿಸುವ ವಿಧಾನದವರೆಗೆ ಹೇಳಿಕೊಟ್ಟು ಕಳಿಸಿದರು. ಬಾಗಿಲಲ್ಲೇ ತಡೆದವರು ಶಿಕ್ಷಕಿ ಮಾಡಿ ಕಳಿಸಿದರು ಎಂಬುದು ಇಲ್ಲಿ ಮುಖ್ಯ.

1939ರಲ್ಲಿ ಶಾಂಘೈನಲ್ಲಿ ತರಗತಿ ಶುರು. ಜಾಗ ಕೊಟ್ಟದ್ದು ಚಿಯಾಂಗ್ ಕೈ ಷೇಕ್ ಅವರ ಪತ್ನಿ. ಯುದ್ಧ ಮುಗಿದ ಮೇಲೆ ಪತಿ ತೀರಿಕೊಂಡರು. 1947ರಲ್ಲಿ ಅಮೆರಿಕಾಕ್ಕೆ ಹೋಗಿ ಹಾಲಿವುಡ್‌ನಲ್ಲಿ ಶಾಲೆ ತೆರೆದರು. ಗ್ರೇಟಾ ಗಾರ್ಬೊ, ಗ್ಲೋರಿಯಾ ಸ್ವಾನ್ಸನ್‌ರಂಥ ತಾರೆಯರು ಶಿಷ್ಯೆಯರಾದರು. ಆಕೆಯ ಬಗ್ಗೆ ಬರೆಯುವವರು ಈ ಸಿನಿಮಾ ಹೆಸರುಗಳನ್ನೇ ಹಿಡಿದು ಎಳೆಯುತ್ತಾರೆ. ಅದಕ್ಕಿಂತ ದೊಡ್ಡದು 1959ರಲ್ಲಿ ಬಂದ ಆಕೆಯ ಪುಸ್ತಕ. ಗುರು ಹತ್ತಿರ ಇಲ್ಲದ ಸಾಮಾನ್ಯ ಜನ ಮನೆಯಲ್ಲೇ ಆರು ವಾರದಲ್ಲಿ ಕಲಿಯುವಂತೆ ಪಾಠ ಬರೆದರು. ಕೈಕಾಲು ತಿರುಚುವ ಸರ್ಕಸ್ಸು ಆಕೆಗೆ ಬೇಕಿರಲಿಲ್ಲ. ಉಸಿರು, ನೆಟ್ಟಗೆ ಕೂರುವುದು, ನಿಧಾನಕ್ಕೆ ಬಗ್ಗಿ ಏಳುವುದು, ಇಷ್ಟರಿಂದಲೇ ಆರಂಭ.

ರಾಯದುರ್ಗದಲ್ಲಿ ದಿನವಿಡೀ ಜೀನ್ಸ್ ಹೊಲಿಯುವ ಮೆಷಿನ್ ಮುಂದೆ ಬೆನ್ನು ಬಾಗಿಸಿ ಕೂರುವವರಿಗೆ, ಮಡಕಶಿರಾ ಕಡೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾ ಬಗ್ಗಿ ಏಳುವವರಿಗೆ ಸೊಂಟನೋವು ಹೊಸದಲ್ಲ. ಇವರಿಗೆ ಬೇಕಾದದ್ದು ಇಂಥ ಪಾಠವೇ. ವರ್ಷಕ್ಕೊಂದು ದಿನ ಮೈದಾನದಲ್ಲಿ ಫೋಟೊ ತೆಗೆಸಿಕೊಂಡರೆ ಸೊಂಟ ನೆಟ್ಟಗಾಗುವುದಿಲ್ಲ.

1953ರಲ್ಲಿ ಡಾಕ್ಟರ್ ಸಿಗ್‌ಫ್ರಿಡ್ ಕ್ನಾವರ್ ಜೊತೆ ಎರಡನೇ ಮದುವೆ. 1960ರಲ್ಲಿ ಮಾಸ್ಕೊಗೆ ಹೋಗಿ ಸೋವಿಯತ್ ನಾಯಕರ ಎದುರು ಯೋಗದ ಪರ ಮಾತಾಡಿ ಬಂದರು. ಆಮೇಲೆ ಮೆಕ್ಸಿಕೊದ ಟೆಕಾಟೆಯಲ್ಲಿ ಶಿಕ್ಷಕರನ್ನು ತಯಾರು ಮಾಡುವ ಕೇಂದ್ರ.

ಪುಟ್ಟಪರ್ತಿಗೆ ಮೊದಲು ಬಂದದ್ದು 1966ರಲ್ಲಿ, 66-67ರ ವಯಸ್ಸಿನಲ್ಲಿ. ಆಗ ಅಲ್ಲಿಗೆ ರೈಲು ಇರಲಿಲ್ಲ. ಸತ್ಯಸಾಯಿ ಬಾಬಾ ಅವರನ್ನು ಕಂಡು ಭಕ್ತೆಯಾದರು. ತಾವು ಕಲಿಸುವ ಪದ್ಧತಿಗೆ ಸಾಯಿ ಯೋಗ ಎಂದೇ ಹೆಸರಿಟ್ಟು, ಪರದೇಶಗಳಲ್ಲಿ ಬಾಬಾ ಹೆಸರು ಹರಡಿದ ಮೊದಲಿಗರಲ್ಲಿ ಒಬ್ಬರಾದರು. ಕೆಲ ವರ್ಷ ಬೆಂಗಳೂರಲ್ಲೂ ವಾಸವಿದ್ದರು. ಬಾಬಾ ದರ್ಶನಕ್ಕೆ ಬಂದವರ ಸಾಲಿನಲ್ಲಿ ಸೀರೆ ಉಟ್ಟು ಕೂತ ಬಿಳಿಯ ಮುದುಕಿಯನ್ನು ಹತ್ತರಲ್ಲಿ ಹನ್ನೊಂದು ಎಂದು ನೋಡಿ ಮರೆತವರೇ ಹೆಚ್ಚಿರಬೇಕು. ಮೈಸೂರು ಅರಮನೆಯ ಯೋಗಶಾಲೆಯಲ್ಲಿ ಕಲಿತ ಶಿಷ್ಯೆ ಎಂದು ಯಾರಿಗೆ ಗೊತ್ತಾಗಬೇಕು!

ಇತ್ತ 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, 1950ರಲ್ಲಿ ಯೋಗಶಾಲೆಯೂ ಮುಚ್ಚಿತು. ಕೃಷ್ಣಮಾಚಾರ್ಯರು ಮದ್ರಾಸಿಗೆ ಹೋಗಿ ನೆಲೆಸಿ, ನೂರು ವರ್ಷ ತುಂಬಿಸಿ 1989ರಲ್ಲಿ ಕಾಲವಾದರು. ಗುರುವೂ ನೂರು ಕಂಡವರು, ಶಿಷ್ಯೆಯೂ ನೂರು ಕಂಡವರು.

ಎರಡನೇ ಪತಿ ತೀರಿಕೊಂಡ ಮೇಲೆ 1985ರಲ್ಲಿ ಇಂದ್ರಾದೇವಿ ಅರ್ಜೆಂಟೀನಾಕ್ಕೆ ಹೊರಟರು. ಆಗ ವಯಸ್ಸು 86. ನಮ್ಮಲ್ಲಿ ಆ ವಯಸ್ಸಿಗೆ ಜಗಲಿ ಬಿಟ್ಟು ಏಳುವುದೇ ಹೆಚ್ಚು. ಈಕೆ ಹೊಸ ದೇಶದಲ್ಲಿ ಸಂಸಾರ ಹೂಡಿದರು. ಹೆತ್ತ ಮಕ್ಕಳಿಲ್ಲ, ಹಾಗಾಗಿ ಮೊಮ್ಮಕ್ಕಳೂ ಇಲ್ಲ. ಆದರೆ ಬ್ಯೂನಸ್ ಐರಿಸ್‌ನಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಆಕೆ ಮಾತಾಜಿ. ಟಿವಿಯಲ್ಲಿ ಸೀರೆ ಉಟ್ಟು ಬಂದು ಕೂತರೆ ಊರಿಗೆಲ್ಲ ಅಜ್ಜಿಯೇ. 1988ರಲ್ಲಿ ಶಿಷ್ಯರು ಆಕೆಯ ಹೆಸರಲ್ಲಿ ಪ್ರತಿಷ್ಠಾನ ಕಟ್ಟಿದರು. 1999ರಲ್ಲಿ ನೂರನೇ ಹುಟ್ಟುಹಬ್ಬಕ್ಕೆ ಸುಮಾರು 3 ಸಾವಿರ ಜನ ಸೇರಿದ್ದರು.

2002ರ ಏಪ್ರಿಲ್ 25ರಂದು ಅದೇ ಊರಲ್ಲಿ ಕೊನೆಯುಸಿರು. ಬೂದಿಯನ್ನು ಅಲ್ಲಿನ ರಿಯೊ ಡಿ ಲಾ ಪ್ಲಾಟಾ ನದಿಯ ಮೇಲೆ ಚೆಲ್ಲಿದರು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ಪುಟ್ಟಪರ್ತಿಯೂ ಮಡಕಶಿರಾವೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆಕೆ ಆಸನ ಕಲಿತ ಜಗನ್ಮೋಹನ ಅರಮನೆ ಮೈಸೂರಿನಲ್ಲಿ ಈಗಲೂ ಇದೆ.